ಮಳೆಗೆ ಬೆನ್ನು ಹಾಕಿದ ಮನೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ ನಮ್ಮ ಕಾಫಿ ತೋಟ. ಅಲ್ಲೇ ಮನೆ ಕಟ್ಟುವುದೆಂದು ತೀರ್ಮಾನವಾದಾಗ ನೆಂಟರೆಲ್ಲ ಕೊಟ್ಟ ಸಲಹೆ ಒಂದೇ: "ಜೆಸಿಬಿ ಕರೆಸಿ ಗುಡ್ಡ ಕಡಿಸು, ಸಪಾಟಾಗುತ್ತೆ." ಕಟ್ಟಡ ಕಟ್ಟಿಸುವುದೇ ನನ್ನ ಕಸುಬು, ಬಯಲುಸೀಮೆಯಲ್ಲಾದರೆ ನಾನೂ ಹಾಗೇ ಮಾಡುತ್ತಿದ್ದೆ. ಇಲ್ಲಿ ನೆಟ್ಟಗೆ ಕಡಿದ ದರೆ ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಮಣ್ಣು ನೀರು ಕುಡಿದು ಭಾರವಾದ ಮೇಲೆ ಅದನ್ನು ತಡೆದು ನಿಲ್ಲಿಸುವುದಕ್ಕೆ ಬುಡದಲ್ಲಿ ಏನೂ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಗುಡ್ಡ ಬಿಟ್ಟು ಮನೆಯನ್ನೇ ಮೂರು ಮಟ್ಟಕ್ಕೆ ಒಡೆದೆ. ಮೇಲೆ ನಮ್ಮ ಕೋಣೆಗಳು, ನಾಲ್ಕು ಮೆಟ್ಟಿಲು ಇಳಿದರೆ ನಡುಮನೆ, ಅಡುಗೆಮನೆ, ಇನ್ನೂ ಇಳಿದರೆ ಜಗಲಿ. ಅಮ್ಮನಿಗೆ ಮಂಡಿನೋವು, ಅವರ ಕೋಣೆ, ಬಚ್ಚಲು ಎರಡೂ ನಡುಮನೆಯ ಮಟ್ಟದಲ್ಲೇ. ಮೇಲಿಂದ ಇಳಿಯುವ ನೀರನ್ನು ಅಡಿಪಾಯ ಮುಟ್ಟುವ ಮೊದಲೇ ಹಿಡಿದು ಪಕ್ಕದ ಹಳ್ಳಕ್ಕೆ ಬಿಡುವ ಚರಂಡಿ, ಅದರ ಅಂಚಿಗೆ ಲಾವಂಚ. ನಕ್ಷೆಯಲ್ಲಿ ಮೊದಲು ಬಿದ್ದದ್ದು ಈ ಚರಂಡಿಯ ಗೆರೆ, ಕೋಣೆಗಳದ್ದು ಆಮೇಲೆ.

ದೊಡ್ಡ ಜಗಳ ನಡೆದದ್ದು ಪಡುವಣ ಗೋಡೆಗೆ. ಘಟ್ಟದ ಸಾಲು ಕಾಣುವುದು ಆ ಕಡೆ; ಮಗಳಿಗೆ ನೆಲದಿಂದ ಸೂರಿನವರೆಗೆ ಗಾಜು ಬೇಕು. ಆದರೆ ಮುಂಗಾರಿನ ಎರಚಲು ಬಂದು ಬಡಿಯುವುದೂ ಅಲ್ಲಿಗೇ. ನಮ್ಮ ಮೇಸ್ತ್ರಿ, "ಅಮ್ಮಾವ್ರೇ, ಗಾಜು ನೀವ್ ಹಾಕ್ಸಿ, ಜೂನಲ್ಲಿ ಒರೆಸೋಕೂ ನೀವೇ ನಿಲ್ಬೇಕು," ಅಂದ. ಕೊನೆಗೆ ಆ ಗೋಡೆಗೆ ಉಗ್ರಾಣ, ಬಚ್ಚಲುಗಳನ್ನು ಒತ್ತಿ ಕೂರಿಸಿ, ಸಣ್ಣ ಕಿಟಕಿಗಳನ್ನಷ್ಟೇ ಇಟ್ಟೆ. ದೊಡ್ಡ ಗಾಜು ಬಂದದ್ದು ಒಂದೇ ಕಡೆ, ಎಂಟು ಅಡಿ ಅಗಲದ ಜಗಲಿಯ ಒಳಗಿನ ಗೋಡೆಗೆ. ಘಟ್ಟ ಕಾಣುತ್ತದೆ, ಎರಚಲು ಅಲ್ಲಿಯವರೆಗೆ ತಲುಪುವುದಿಲ್ಲ. ಬೆಳಕಿನ ಕಿಟಕಿಗಳೆಲ್ಲ ಮೂಡಣಕ್ಕೆ, ತೋಟದ ಕಡೆಗೆ.

ಗೋಡೆ ತೋಟದ ಮಣ್ಣಿನದೇ. ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತುವ ಮಣ್ಣಿನ ಇಟ್ಟಿಗೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ 1970ರ ದಶಕದಿಂದಲೇ ಕೆಲಸ ಮಾಡಿದೆ. ನಮ್ಮದು ಜೇಡಿ ಹೆಚ್ಚಿರುವ ಕೆಂಪು ಮಣ್ಣು. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ನೀರು ಹಾಕಿ ಕುಲುಕಿ ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಮರಳು, ಮೇಲೆ ನಯವಾದ ಜೇಡಿ ಪದರ ಪದರವಾಗಿ ಕೂರುತ್ತದೆ. ಮರಳಿನ ಪದರ ತೆಳ್ಳಗಿದ್ದದ್ದರಿಂದ ಕ್ವಾರಿ ಪುಡಿ ಸೇರಿಸಿದೆ. ಸಿಮೆಂಟು ಶೇ. 8. ಒತ್ತಿದ ಇಟ್ಟಿಗೆಗೆ ಮೂರು ವಾರ ನೀರುಣಿಸಬೇಕು, ಅದರಲ್ಲಿ ಅವಸರ ಕೂಡದು. ಹನಿ ಸಿಡಿಯುವ ಎತ್ತರದವರೆಗೆ ಮಾತ್ರ ಸೈಜುಗಲ್ಲು.

ಮಾಡು ಮಂಗಳೂರು ಹೆಂಚಿನದು, ಮೂವತ್ತು ಡಿಗ್ರಿ ಇಳಿಜಾರು, ಪಡುವಣಕ್ಕೆ ನಾಲ್ಕಡಿ ಹೊರಚಾಚು. ಇನ್ನೂರು ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 2,000 ಮಿ.ಮೀ. ಮಳೆ ಎಂದು ಹಿಡಿದರೂ ನಾಲ್ಕು ಲಕ್ಷ ಲೀಟರ್ ನೀರು. ಇಷ್ಟನ್ನು ಸೂರಿನಂಚಿನ ನೀರಿನ ದೋಣಿಗೆ ಹಿಡಿದರೆ ಸಿಲ್ವರ್ ಓಕ್ ಎಲೆ ತುಂಬಿ ಒಂದೇ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಟ್ಯಾಂಕಿನ ಕಡೆ ಬಿಟ್ಟು ಉಳಿದೆಡೆ ದೋಣಿ ಹಾಕಲೇ ಇಲ್ಲ. ಸೂರಿನ ನೀರು ಜಲ್ಲಿ ತುಂಬಿದ ಕಾಲುವೆಗೆ ನೇರ ಬೀಳುತ್ತದೆ.

ಅಮ್ಮನ ಬೇಡಿಕೆ ಒಂದೇ ಇತ್ತು: ಹಂಡೆ ಒಲೆ. ಸೋಲಾರು ಇರುವಾಗ ಯಾಕೆ ಅಂದರೆ, "ಜುಲೈನಲ್ಲಿ ನಿನ್ನ ಸೋಲಾರಿಗೆ ಬಿಸಿಲು ಎಲ್ಲಿಂದ ತರ್ತೀಯ?" ಅಂದರು. ಒಲೆಯ ಹಿಂದಿನ ಗೋಡೆಗೆ ಹೊಗೆ ಕೊಳವೆ ಹಾಯಿಸಿ, ಆಚೆ ಬಟ್ಟೆ ಒಣಗಿಸುವ ಕೋಣೆ ಮಾಡಿದೆ. ಮಳೆಗಾಲದಲ್ಲಿ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಟ ಈ ಕೋಣೆಯಲ್ಲೇ.

ಇನ್ನು ಮಂಗಗಳ ಕಾಟಕ್ಕೆ ನಕ್ಷೆಯಲ್ಲಿ ಮದ್ದಿಲ್ಲ. ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಮಾಡಿನ ಕಡೆ ಚಾಚಿದ ಕೊಂಬೆಗಳನ್ನು ಸವರಿಸುತ್ತೇವೆ, ಮೇ ತಿಂಗಳಲ್ಲಿ ಪಾಚಿ ಕೆರೆಸಿ, ಒಡೆದ ಹೆಂಚು ಬದಲಿಸುತ್ತೇವೆ. ಅದಕ್ಕೆಂದೇ ನೂರು ಹೆಂಚು ಅಟ್ಟದಲ್ಲಿ ಇಟ್ಟಿದ್ದೇನೆ, ಅದೇ ಅಚ್ಚಿನವು. ಬೇರೆ ಅಚ್ಚಿನದು ತಂದರೆ ಕೊಕ್ಕೆ ಕೂರುವುದಿಲ್ಲ.