ಪ್ರಾರ್ಥನೆ ಬಾರದ ದಿನಗಳಲ್ಲಿ ದೇವರನ್ನು ಹಿಡಿದುಕೊಂಡದ್ದು

ಯೇಸುವಿನ ನಂಬಿಕೆಗೆ ಬಂದ ಹೊಸದರಲ್ಲಿ ಪ್ರಾರ್ಥನೆ ತಾನಾಗಿಯೇ ಬರುತ್ತಿತ್ತು. ಕಷ್ಟ ಶುರುವಾದದ್ದು ಆಮೇಲೆ, ಮನಸ್ಸು ಒಣಗಿದಾಗ. ದೇವರ ಮೇಲೆ ಕೋಪವೇನೂ ಇರಲಿಲ್ಲ. ಮೊಣಕಾಲೂರಿದರೆ ಹೇಳಲು ಒಂದು ಮಾತೂ ಹೊಳೆಯುತ್ತಿರಲಿಲ್ಲ, ಅಷ್ಟೇ. ಇಂಥ ಸ್ಥಿತಿಯಲ್ಲಿರುವ ವಿಶ್ವಾಸಿಗಳು ಬಹಳ ಜನ ಇದ್ದಾರೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಅದಕ್ಕೇ ನಾನು ಏನು ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಕೀರ್ತನೆಗಳನ್ನು, ಅಂದರೆ ನಮ್ಮ ಸತ್ಯವೇದದಲ್ಲಿರುವ (ಬೈಬಲಿನಲ್ಲಿರುವ) ಪ್ರಾರ್ಥನೆಯ ಹಾಡುಗಳನ್ನು. ನನ್ನ ಹತ್ತಿರ ಮಾತಿಲ್ಲ, ಸತ್ಯವೇದದ ಮಾತನ್ನೇ ಪ್ರಾರ್ಥನೆ ಮಾಡಿಕೊಳ್ಳೋಣ ಅಂದುಕೊಂಡೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಬಾಯಿಬಿಟ್ಟು ಓದಿದೆ. 119ನೇ ಕೀರ್ತನೆಯಲ್ಲಿ 176 ವಚನಗಳಿವೆ, ಅದನ್ನು ಮಾತ್ರ ಎಂಟೆಂಟು ವಚನಗಳಾಗಿ ಒಡೆದುಕೊಂಡೆ. ಹೀಗೆ ಓದಿದರೆ ಸುಮಾರು ಮೂರು ತಿಂಗಳಲ್ಲಿ 150 ಕೀರ್ತನೆಗಳೂ ಮುಗಿಯುತ್ತವೆ, ಆಮೇಲೆ ಮತ್ತೆ ಮೊದಲಿಂದ.

ಓದುತ್ತಾ ಓದುತ್ತಾ ಒಂದು ವಿಷಯ ತಿಳಿಯಿತು. 13ನೇ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ ಅದನ್ನು ಹಾಡಿದ ರಾಜ ದಾವೀದನು ‘ಎಷ್ಟರವರೆಗೆ’ ಅಂತ ನಾಲ್ಕು ಸಲ ಕೇಳುತ್ತಾನೆ, ಕೊನೆಗೆ ಹಾಡುತ್ತಾನೆ. 88ರಲ್ಲಿ ಆ ಹಾಡೂ ಇಲ್ಲ, ಅದು ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಆದರೂ ಅದನ್ನು ಬರೆದವನು ಶುರುವಿನಲ್ಲೇ ದೇವರನ್ನು ತನ್ನ ರಕ್ಷಕ ಅಂತ ಕರೆದಿದ್ದಾನೆ, ಹಗಲೂ ರಾತ್ರಿಯೂ ಅವರಿಗೇ ಮೊರೆಯಿಟ್ಟಿದ್ದಾನೆ. ಅಂಥ ಪ್ರಾರ್ಥನೆಯನ್ನೂ ದೇವರು ತಮ್ಮ ಗ್ರಂಥದಲ್ಲಿ ಇಟ್ಟಿದ್ದಾರೆ. ಸಂತೋಷ ಬರುವ ತನಕ ಕಾಯದೆ, ಒಣ ಮನಸ್ಸನ್ನೇ ತೆಗೆದುಕೊಂಡು ಅವರ ಮುಂದೆ ಕೂರಬಹುದು ಅನ್ನೋ ಧೈರ್ಯ ನನಗೆ ಬಂದದ್ದು ಅಲ್ಲಿಂದಲೇ.

ಸಮಯವನ್ನೂ ಗೊತ್ತುಮಾಡಿಕೊಂಡೆ. ಸತ್ಯವೇದದ ಪ್ರವಾದಿ ದಾನಿಯೇಲನು, ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅಂತ ರಾಜಾಜ್ಞೆ ಹೊರಟ ಮೇಲೆ ಹೊಸದಾಗಿ ಏನೂ ಶುರು ಮಾಡಲಿಲ್ಲ, ಮೊದಲಿನಿಂದ ಮಾಡುತ್ತಿದ್ದಂತೆಯೇ ದಿನಕ್ಕೆ ಮೂರು ಸಲ ಮೊಣಕಾಲೂರಿದ. ರೂಢಿ ಮೊದಲೇ ಇತ್ತು, ಆಪತ್ತು ಆಮೇಲೆ ಬಂತು. ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಅಂತ ಬಿಟ್ಟಿದ್ದರೆ ನನಗೆ ಮನಸ್ಸು ಬರುತ್ತಲೇ ಇರಲಿಲ್ಲ.

ದಣಿವನ್ನು ಅಪನಂಬಿಕೆ ಅಂತ ತಿಳಿಯಬೇಡಿ. ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಅವನು ತಿಂದು ಮತ್ತೆ ಮಲಗಿದ. ನಾನೂ ತುಂಬಾ ದಣಿದ ರಾತ್ರಿ ಕೀರ್ತನೆ ಓದಿ ಬೇಗ ಮಲಗುತ್ತಿದ್ದೆ.

ಸಭೆಯನ್ನು, ಅಂದರೆ ಚರ್ಚಿಗೆ ಹೋಗುವುದನ್ನು, ಬಿಡಲಿಲ್ಲ. ಸಭೆಯಾಗಿ ಕೂಡಿಬರುವುದನ್ನು ಬಿಡಬಾರದು ಅಂತ ಸತ್ಯವೇದದ ಇಬ್ರಿಯರಿಗೆ ಬರೆದ ಪತ್ರಿಕೆ (10:25) ಹೇಳುತ್ತದೆ. ಹಾಡಲು ಆಗದ ದಿನ ಬೇರೆಯವರು ಹಾಡುವುದನ್ನು ಕೇಳುತ್ತಾ ಕೂತಿದ್ದೆ, ಅದೂ ಆರಾಧನೆಯೇ. ಸಭೆಯ ಒಬ್ಬ ಹಿರಿಯರನ್ನು ಕೇಳಿಕೊಂಡೆ: ವಾರಕ್ಕೊಂದು ಸಲ ನನ್ನನ್ನು ವಿಚಾರಿಸಿ, ಸುಮ್ನೆ ಹೇಗಿದ್ದೀರಿ ಅಂತಲ್ಲ, ಏನು ಓದಿದೆ, ಯಾವ ಶೋಧನೆ (ತಪ್ಪಿನ ಕಡೆಗೆ ಸೆಳೆಯುವ ಪರೀಕ್ಷೆ) ಬಂತು ಅಂತ ಕೇಳಿ. ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ಕೇಳುತ್ತಿದ್ದರು, ಆಮೇಲೆ ನನ್ನ ಜೊತೆ ಪ್ರಾರ್ಥಿಸುತ್ತಿದ್ದರು. ನನಗೆ ಅತಿ ಹೆಚ್ಚು ಬಲ ಕೊಟ್ಟದ್ದು ಅದೇ.

ಇನ್ನು ಉಳಿದದ್ದು ದಿನದ ಬದುಕು. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನು ಅಂತ ಯೇಸು ಸ್ವಾಮಿ ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಹೇಳಿದ್ದು ಹಣದ ಮಾತಿನ ನಡುವೆಯೇ. ಹಾಗಾಗಿ ಸಾಲ ತೀರಿಸುವುದು, ಕೊಟ್ಟ ಮಾತಿಗೆ ನಿಲ್ಲುವುದು, ಯಾರೂ ನೋಡದಾಗಲೂ ಲೆಕ್ಕ ಸರಿಯಾಗಿಡುವುದು, ಇವನ್ನೂ ಪ್ರಾರ್ಥನೆಯಷ್ಟೇ ಗಟ್ಟಿಯಾಗಿ ಹಿಡಿದೆ.

ಮಾತು ಮೆಲ್ಲಗೆ ಮರಳಿ ಬಂತು, ಯಾವ ದಿನ ಅಂತ ಹೇಳಲಾರೆ. ಈಗಲೂ ಕೀರ್ತನೆ ಓದಿಯೇ ನನ್ನ ಪ್ರಾರ್ಥನೆ ಶುರು. ನೀವೂ ಹೀಗೆ ಮಾಡುವುದಾದರೆ ಒಂದನೆಯದರಿಂದಲೇ ಹಿಡಿಯಬೇಕಿಲ್ಲ, 13ನೆಯದನ್ನು ತೆಗೆಯಿರಿ, ಆರೇ ವಚನ.