ಆಕಾಶವನ್ನು ಹೊರಗಿಟ್ಟು ತೆಗೆದ ನಲ್ಲೂರಿನ ಹುಣಸೆ ಮರಗಳು

ನಲ್ಲೂರಿನ ಹುಣಸೆ ತೋಪನ್ನು ಮೋಡದ ಬೆಳಕಿನಲ್ಲಿ, ಆಕಾಶದ ಚೂರೂ ಕಾಣದಂತೆ, ಕಪ್ಪು-ಬಿಳುಪಿನಲ್ಲಿ ತೆಗೆಯುತ್ತೇನೆಂದಾಗ ನಮ್ಮ ಛಾಯಾಗ್ರಾಹಕರ ಬಳಗದಲ್ಲಿ ಒಪ್ಪಿದವರಿರಲಿಲ್ಲ. ಬಿಸಿಲು ನೆರಳಿಲ್ಲದ ಮರದ ಚಿತ್ರದಲ್ಲಿ ಬರೀ ಬೂದುಬಣ್ಣ ಉಳಿಯುತ್ತದೆ ಎಂಬುದು ಅವರ ವಾದ. ಆ ಸರಣಿಯ ಪ್ರಿಂಟ್‌ಗಳು ಸಲಾನ್‌ಗಳಲ್ಲಿ, ಅಂದರೆ ಛಾಯಾಚಿತ್ರ ಸ್ಪರ್ಧಾ ಪ್ರದರ್ಶನಗಳಲ್ಲಿ, ಆಯ್ಕೆಯಾಗಿ ಗೋಡೆಗೇರಿದ ಮೇಲೆ ವಿಧಾನವನ್ನು ಕೇಳುತ್ತಿರುವವರೂ ಅವರೇ ಆದ್ದರಿಂದ ಬರೆಯುತ್ತಿದ್ದೇನೆ.

ದೇವನಹಳ್ಳಿ ತಾಲ್ಲೂಕಿನ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಸುಮಾರು 54 ಎಕರೆಯಲ್ಲಿ ಮುನ್ನೂರರ ಹತ್ತಿರ ಮರಗಳಿವೆ, ಒಂದೊಂದರ ಕಾಂಡವೂ ಹಗ್ಗ ಹೊಸೆದಂತೆ ತಿರುಚಿಕೊಂಡಿದೆ. ಆದರೆ ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಕಂದು ತೊಗಟೆ ಮತ್ತು ಹಸಿರು ಎಲೆ ಫಿಲ್ಮಿನಲ್ಲಿ ಒಂದೇ ಬೂದು ಛಾಯೆಗೆ ಇಳಿಯುತ್ತವೆ. ಮುಂದಿನ ಮರದ ಕೊಂಬೆ ಹಿಂದಿನ ಮರದ ಕಾಂಡದಲ್ಲಿ ಕರಗಿಹೋಗುತ್ತದೆ.

ಮೊದಲು ಹಿಡಿದದ್ದು ನೀಲಿ ಬೆಳಕನ್ನು ತಡೆಯುವ ಕೆಂಪು ಫಿಲ್ಟರ್. 1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಹಿಂದಿನ ಆಕಾಶವನ್ನು ಕಪ್ಪಾಗಿಸಿದ್ದು ಕೆಂಪು ಫಿಲ್ಟರಿನಿಂದಲೇ. ಆದರೆ ಅಲ್ಲಿದ್ದದ್ದು ಎತ್ತರದ ಬೆಟ್ಟದ ಕಡುನೀಲಿ. ನಮ್ಮ ಬೇಸಿಗೆಯ ಆಕಾಶ ದೂಳಿನಿಂದ ಬೆಳ್ಳಗಿರುತ್ತದೆ, ನೀಲಿಯೇ ಇಲ್ಲದ ಕಡೆ ಫಿಲ್ಟರ್ ಕಪ್ಪಾಗಿಸುವುದು ಏನನ್ನು? ಎಲೆಗಳು ಮಾತ್ರ ಕಪ್ಪುಮುದ್ದೆಯಾದವು, ಮೂರು ಸ್ಟಾಪ್ ಬೆಳಕೂ ಹೋಯಿತು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ). ಫಿಲ್ಟರಿಗೆ ಮೂರೂವರೆ ಸಾವಿರ, ರೋಲೊಂದಕ್ಕೆ ಒಂಬೈನೂರರ ಆಸುಪಾಸು, ಪೆಟ್ರೋಲು ಬೇರೆ. ಆ ಬೇಸಿಗೆಯೊಂದಕ್ಕೇ ಇಪ್ಪತ್ತು ಸಾವಿರ ದಾಟಿರಬೇಕು. ಅಗಲ ನೋಟದ 24 ಎಂಎಂ ಲೆನ್ಸಿನಲ್ಲಿ ಕೊಂಬೆಗಳ ನಡುವಿನ ಆಕಾಶ ಬಿಳಿ ತೂತುಗಳಾಗಿ ನೋಟವನ್ನು ಮರದಿಂದ ಆಚೆಗೆ ಸೆಳೆಯುತ್ತಿತ್ತು.

ಫಲ ಕೊಟ್ಟದ್ದು ಮಳೆ ನಿಂತ ಮೇಲಿನ ಬೆಳಕು. ನೆನೆದ ತೊಗಟೆ ಒಂದು ಸ್ಟಾಪಿಗಿಂತ ಹೆಚ್ಚೇ ಕಪ್ಪಾಗುತ್ತದೆ. ಹಳದಿ-ಹಸಿರು ಫಿಲ್ಟರ್ ಹಾಕಿದರೆ ಎಲೆ ತಿಳಿಯಾಗಿ ಮೇಲೇಳುತ್ತದೆ, ಸೂರ್ಯನಿಲ್ಲದೆಯೇ ಎರಡೂ ಬೇರೆಯಾಗುತ್ತವೆ. ದೂರದ್ದನ್ನು ಹತ್ತಿರ ತರುವ 135 ಎಂಎಂ ಲೆನ್ಸಿನೊಂದಿಗೆ ದೂರ ನಿಂತು, ಚೌಕಟ್ಟಿನ ಮೇಲಂಚನ್ನು ಎಲೆದಟ್ಟಣೆಯೊಳಗೇ ಮುಗಿಸುತ್ತೇನೆ. ಮುಖ್ಯ ಕಾಂಡದ ಎರಡೂ ಬದಿಗೆ ತೆರಪು ಕಾಣುವವರೆಗೆ ಟ್ರೈಪಾಡನ್ನು ಗೇಣುಗೇಣಾಗಿ ಪಕ್ಕಕ್ಕೆ ಸರಿಸುವುದರಲ್ಲೇ ಮುಕ್ಕಾಲು ಗಂಟೆ ಕಳೆಯುವುದುಂಟು, ಮತ್ತು ನನ್ನ ಪಾಲಿಗೆ ಸಂಯೋಜನೆಯೆಂದರೆ ಬಹುಪಾಲು ಈ ಕೆಲಸವೇ.

ಇನ್ನೊಂದು ಸಂಗತಿಯನ್ನು ಬೇರೆ ಯಾರೂ ಬಳಸಿದ್ದನ್ನು ನಾನು ಕಂಡಿಲ್ಲ. ಹುಣಸೆ ರಾತ್ರಿ ಎಲೆ ಮುಚ್ಚಿಕೊಳ್ಳುತ್ತದೆ. ಸೂರ್ಯೋದಯಕ್ಕೆ ಮುಂಚೆ ಅಲ್ಲಿದ್ದರೆ ಹಗಲಿನಲ್ಲಿ ಮರೆಯಾಗುವ ಕೊಂಬೆಗಳ ಓಟ ತೆಳುವಾದ ಎಲೆಗಳ ನಡುವೆ ಸ್ಪಷ್ಟವಾಗಿ ಸಿಗುತ್ತದೆ. ಎಕ್ಸ್‌ಪೋಷರ್ (ಫಿಲ್ಮಿಗೆ ಬೆಳಕು ಬೀಳುವ ಹೊತ್ತು) ಹಲವು ಸೆಕೆಂಡುಗಳಾಗುವುದರಿಂದ ಗಾಳಿಯಿಲ್ಲದ ದಿನವೇ ಬೇಕು.

ನಡುವೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುವ 720 ನ್ಯಾನೋಮೀಟರ್ ಇನ್‌ಫ್ರಾರೆಡ್ ಫಿಲ್ಟರನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿಯೂ ನೋಡಿದೆ. ಎಲೆಯೆಲ್ಲ ಬೆಳ್ಳಗಾಗಿ ಚಿತ್ರ ಸೊಗಸಾಯಿತು, ಆದರೆ ಅದು ಹುಣಸೆಯೋ ಹೊಂಗೆಯೋ ತಿಳಿಯುವಂತಿರಲಿಲ್ಲ, ಕೈಬಿಟ್ಟೆ.

ಮಂದ ಬೆಳಕಿನ ನೆಗೆಟಿವ್ ಸಪ್ಪೆಯಾಗದಿರಲು ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮನ್ನು ಡಿ-76 ಎಂಬ ಡೆವಲಪರ್ ದ್ರಾವಣದಲ್ಲಿ, ಒಂದಕ್ಕೊಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ ವಾಡಿಕೆಯ 11 ನಿಮಿಷದ ಬದಲು ಹದಿನೈದು-ಹದಿನಾರು ನಿಮಿಷ ಡೆವಲಪ್ ಮಾಡುತ್ತೇನೆ. ಆ ಹೊತ್ತಿನಲ್ಲಿ ಫಿಲ್ಮಿರುವ ಟ್ಯಾಂಕನ್ನು ಅಲುಗಿಸುವ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಡಿಜಿಟಲ್‌ನಲ್ಲಿ ಮಾಡುವವರು ಕಪ್ಪು-ಬಿಳುಪಿಗೆ ಬದಲಿಸುವಾಗ ಹಳದಿ ಮತ್ತು ಹಸಿರನ್ನು ಏರಿಸಿ, ಕಿತ್ತಳೆಯನ್ನು ಇಳಿಸಿದರೆ ಇದರ ಹತ್ತಿರಕ್ಕೆ ಬರಬಹುದು. ತೊಗಟೆ ಮಾತ್ರ ನೆನೆದಿರಲೇಬೇಕು.