ಏಳೆಂಟು ಪಟ್ಟು ಸಾಕು: ಕೈ ನಡುಗಿದರೂ ನಿಲ್ಲುವ ದುರ್ಬೀನು

ನನ್ನ ಮೊದಲ ದುರ್ಬೀನು 12×50. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಕೊಂಡುಬಿಟ್ಟಿದ್ದೆ. ಅವತ್ತೇ ರಾತ್ರಿ ಗುರುಗ್ರಹದ ಕಡೆ ತಿರುಗಿಸಿದೆ. ಗ್ರಹ ಸಿಕ್ಕಿತು, ನಿಲ್ಲಲಿಲ್ಲ. ಕತ್ತಲಲ್ಲಿ ಯಾರೋ ಊದುಬತ್ತಿ ಹಿಡಿದು ಗೀಚಿದ ಹಾಗೆ ಬರೀ ಬೆಳಕಿನ ಗೆರೆ. ಉಸಿರು ಬಿಗಿಹಿಡಿದರೆ ಇನ್ನೂ ಜಾಸ್ತಿ ಕುಣಿಯಿತು.

ಕೆಲವು ತಿಂಗಳ ಮೇಲೆ ಗೆಳೆಯನ ಹಳೇ 7×50 ಕೈಗೆ ಸಿಕ್ಕಿತು. ಗುರು ಸಣ್ಣದಾಗಿಯೇ ಕಂಡ. ಆದರೆ ಪಕ್ಕದಲ್ಲಿ, ಒಂದೇ ಸಾಲಿನಲ್ಲಿ, ಮೂರು ಚುಕ್ಕಿ! ಗುರುವಿನ ಚಂದ್ರಗಳು. ನನ್ನ 12ರಲ್ಲಿ ಒಮ್ಮೆಯೂ ಕಾಣದಿದ್ದವು.

12×50, 7×50 ಅಂತ ಬರೆಯುವುದರಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎಲ್ಲರ ಕೈಯೂ ಸ್ವಲ್ಪ ನಡುಗುತ್ತದೆ. 12 ಪಟ್ಟಿನ ದುರ್ಬೀನು ಹಕ್ಕಿಯನ್ನು ಹಿಗ್ಗಿಸಿದಷ್ಟೇ ಆ ನಡುಕವನ್ನೂ ಹಿಗ್ಗಿಸುತ್ತದೆ. 7 ಅಥವಾ 8ಕ್ಕೆ ಇಳಿದರೆ ಅಲುಗಾಟ ಕಣ್ಣು ಸಹಿಸುವಷ್ಟಕ್ಕೆ ಬರುತ್ತದೆ. ನೋಟದ ಅಗಲವೂ ಹೆಚ್ಚುತ್ತದೆ. ಸಾಮಾನ್ಯವಾಗಿ 8ರಲ್ಲಿ ಏಳೆಂಟು ಡಿಗ್ರಿ, 10ರಲ್ಲಿ ಆರು, ಆರೂವರೆ. ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯ ಹಿಂದೆ ಹೋಗುವಾಗ ಈ ಒಂದು ಡಿಗ್ರಿಯ ಬೆಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಹೊರಗೆ ಬಂದು, ದೂರದ ಬೋರ್ಡೊಂದರಲ್ಲಿ ಅತಿ ಸಣ್ಣ ಅಕ್ಷರದ ಸಾಲು ಹುಡುಕಿ. 8 ಮತ್ತು 10, ಎರಡರಲ್ಲೂ ಬರಿಗೈಯಲ್ಲಿ ಹಿಡಿದು ಓದಿ. ಆಮೇಲೆ 10ನ್ನು ಗೋಡೆಗೋ ಬಾಗಿಲ ಚೌಕಟ್ಟಿಗೋ ಒತ್ತಿ ಹಿಡಿದು ಅದೇ ಸಾಲು ಓದಿ. ಒರಗಿಸಿದಾಗ ಮಾತ್ರ ಅಕ್ಷರ ಬಿಡಿಬಿಡಿಯಾಗಿ ಕಂಡರೆ, ಅಷ್ಟು ಹೊತ್ತು ನಿಮ್ಮ ಕೈ ಅದನ್ನು ಕದಿಯುತ್ತಿತ್ತು ಅಂತ ಅರ್ಥ. ನಾನು ಮಾಡಿದಾಗ 8ರಲ್ಲಿ ಬರಿಗೈಯಲ್ಲೇ ಓದಿದ ಸಾಲು 10ರಲ್ಲಿ ಒರಗಿಸದೆ ಓದಲಾಗಲಿಲ್ಲ. ಐದು ನಿಮಿಷ ಹಿಡಿದೇ ನೋಡಿ, ಸುಮ್ನೆ ಒಂದು ಸಲ ಇಣುಕಿ ವಾಪಸ್ ಕೊಡಬೇಡಿ. ತೋಳು ಸೋತ ಮೇಲೆ ನಿಜ ಗೊತ್ತಾಗುತ್ತದೆ.

ಇನ್ನೊಂದು. ದುರ್ಬೀನನ್ನು ಕೈ ಚಾಚಿ ಹಿಡಿದು ಬೆಳಕಿನ ಆಕಾಶದ ಕಡೆ ಮಾಡಿ (ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ). ಕಣ್ಣಿಡುವ ಗಾಜಿನಲ್ಲಿ ಬೆಳ್ಳನೆಯ ಸಣ್ಣ ಬಿಲ್ಲೆ ಕಾಣುತ್ತದೆ. ನೋಡುವಾಗ ಕಣ್ಣಿನ ಪಾಪೆಯೊಳಗೆ ಹೋಗುವ ಬೆಳಕು ಅದೇ. ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಅದರ ಅಗಲ: 7×50ರಲ್ಲಿ ಸುಮಾರು 7 ಮಿ.ಮೀ., 8×42ರಲ್ಲಿ 5ಕ್ಕೆ ಸ್ವಲ್ಪ ಮೇಲೆ, 10×25ರಲ್ಲಿ ಬರೀ ಎರಡೂವರೆ. ಬಿಲ್ಲೆ ಚಿಕ್ಕದಾದರೆ ಕಣ್ಣು ಕೂದಲೆಳೆಯಷ್ಟು ಸರಿದರೂ ನೋಟ ಕಪ್ಪಾಗುತ್ತದೆ. ಜೇಬಿಗೆ ಹೋಗುವ ಪುಟಾಣಿಗಳ ಮೇಲೆ ನನಗೆ ಸಿಟ್ಟು ಅದಕ್ಕೇ. ಆದರೆ ವಯಸ್ಸಾದಂತೆ ಕತ್ತಲಲ್ಲಿ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಅರಳುವುದಿಲ್ಲ. ಆಗ 7×50ರ ಬೆಳಕಿನಲ್ಲಿ ಒಂದಷ್ಟು ಪೋಲಾಗುತ್ತದೆ. ಹಗಲು ರಾತ್ರಿ ಎರಡಕ್ಕೂ ಒಂದೇ ಬೇಕು ಅನ್ನುವವರಿಗೆ ನಾನು 8×42 ಹೇಳುವುದು. ಭಾರ ಆಗದಿರಲಿ ಅಂದರೆ 8×32.

ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಿ. ಇಡೀ ವೃತ್ತ ಅಂಚಿನವರೆಗೂ ಕಾಣಬೇಕು. ಪಟ್ಟು ಬದಲಾಯಿಸುವ ಜೂಮ್ ದುರ್ಬೀನು, ಮುಂದಿನ ಗಾಜು ಕೆಂಪಗೆ ಹೊಳೆಯುವ ಅಗ್ಗದ ಮಾಲು, ಎರಡೂ ಬೇಡ.

ಹಿಡಿಯುವ ರೀತಿಯೂ ಮುಖ್ಯ, ಅಲ್ವಾ? ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ. ಹೆಬ್ಬೆರಳನ್ನು ಕೆನ್ನೆಯ ಮೂಳೆಗೆ ತಾಗಿಸಿ. ಕೈಯನ್ನು ಸ್ವಲ್ಪ ಮುಂದಕ್ಕೆ, ಗಾಜಿನ ಕಡೆಗೆ ಸರಿಸಿ ಹಿಡಿದರೆ ಅಲುಗಾಟ ಇನ್ನೂ ಇಳಿಯುತ್ತದೆ. ಉಸಿರು ಕಟ್ಟಬೇಡಿ, ನಿಧಾನ ಬಿಡುತ್ತಾ ನೋಡಿ. ಆಕಾಶ ನೋಡುವಾಗ ನಾನು ಚಾಪೆ ಹಾಸಿ ಮಲಗಿಬಿಡುತ್ತೇನೆ. ಕೃತ್ತಿಕೆಯ ಗೊಂಚಲು 8ರಲ್ಲಿ ಸುತ್ತಲಿನ ಕಪ್ಪು ಸಮೇತ ಒಂದೇ ನೋಟಕ್ಕೆ ಸಿಗುತ್ತದೆ.

ಆ 12×50 ಈಗಲೂ ಇದೆ. ಟ್ರೈಪಾಡ್ ಮೇಲೆ ಕೂರಿಸಿ ಚಂದ್ರನ ಕುಳಿ ನೋಡಲು ಇಟ್ಟುಕೊಂಡಿದ್ದೇನೆ. ಕುತ್ತಿಗೆಯಲ್ಲಿ ನೇತಾಡುವುದು ಮಾತ್ರ 8×42.